ಕೆಂಪು ಗೆರೆಗೆ ಎರಡು ಬೆರಳು ಕಡಿಮೆ

ತಲಘಟ್ಟಪುರ
೨ ಏಪ್ರಿಲ್ ೨೦೨೫, ಬುಧವಾರ

ಪಂಕಜಕ್ಕನಿಗೆ,

ಮೂರನೇ ಕೌಂಟರಿನಿಂದ ಎರಡನೇ ಕೌಂಟರಿಗೆ ನಮಸ್ಕಾರ. ಪೋಸ್ಟಾಫೀಸು ಬಿಟ್ಟು ಆರು ವರ್ಷವಾದರೂ ಪತ್ರ ಬರೆಯಲು ಕೂತರೆ ನಮ್ಮಿಬ್ಬರ ನಡುವಿನ ಆ ಗಾಜಿನ ತಡಿಕೆ, ಆಚೆ ಬದಿಯಿಂದ ಬರುತ್ತಿದ್ದ ನಿಮ್ಮ ಬೈಗುಳ ಎರಡೂ ನೆನಪಾಗುತ್ತವೆ. ನಮ್ಮನೆಯಲ್ಲಿ ನಗುತ್ತಾರೆ. "ಜಯನಗರಕ್ಕೆ ಮೆಟ್ರೋದಲ್ಲಿ ಅರ್ಧ ಗಂಟೆ, ನೀನು ಕಾಗದ ಬರೀತಾ ಕೂತಿದ್ದೀಯಲ್ಲಮ್ಮ" ಅನ್ನುತ್ತಾನೆ ಭೀಮೇಶ. ನಿಮಗೆ ಕಿವಿ ಕೇಳಿಸದಂತಾದ ಮೇಲೆ ಫೋನಿನಲ್ಲಿ ನಾನು ಏನು ಹೇಳಿದರೂ "ಹೂಂ, ಊಟ ಆಯ್ತು" ಅನ್ನುತ್ತಿದ್ದಿರಿ, ಅದು ನನ್ನ ಮಗನಿಗೇನು ಗೊತ್ತು! ಮೊಬೈಲಿನಲ್ಲಿ ಬರೆದು ಕಳಿಸೋಣವೆಂದರೆ ನನ್ನ ಮೊಬೈಲು ನನ್ನ ಕೈಯಲ್ಲಿ ಇರುವುದೇ ಇಲ್ಲ. ಮೊಮ್ಮಗಳು ಮೈತ್ರಿ ಹಿಡಿದಿರುತ್ತಾಳೆ, ಬಂದ ಮೆಸೇಜನ್ನೆಲ್ಲ ಗಟ್ಟಿಯಾಗಿ ಓದಿ ಮನೆಗೆಲ್ಲ ಕೇಳಿಸುತ್ತಾಳೆ.

ಈಗ ಅವಳದೇ ವಿಷಯ. ಈ ೨೬ಕ್ಕೆ ಅವಳಿಗೆ ಹತ್ತು ತುಂಬುತ್ತದೆ. ಬಟ್ಟೆ ಬೇಡ, ಕೇಕು ಬೇಡ, ಜೋಕಾಲಿ ಪಾರ್ಕಿಗೆ ಕರೆದುಕೊಂಡು ಹೋಗಿ ಅಂತ ಒಂದೇ ಹಟ. ಕ್ಲಾಸಿನಲ್ಲಿ ಎಲ್ಲರೂ ಹೋಗಿ ಅಲ್ಲಿನ ಗರುಡ ಹತ್ತಿ ಬಂದಿದ್ದಾರಂತೆ. ಇವಳೊಬ್ಬಳನ್ನು "ಕುಳ್ಳಿ, ನಿನ್ನ ಬಿಡಲ್ಲ ಹೋಗು" ಅಂತ ಆಡಿಕೊಳ್ಳುತ್ತಾರಂತೆ. ೨೭ರ ಭಾನುವಾರ ಹೋಗೋಣವೆಂದು ಭೀಮೇಶ ಒಪ್ಪಿದ್ದಾನೆ. ನಮ್ಮ ಮನೆಯಿಂದ ಅಂಥ ಜಾಗಕ್ಕೆ ಯಾರೂ ಹೋದವರಲ್ಲ. ನೀವು ಎರಡು ಸಲ ಹೋಗಿ ಬಂದವರು. ಏನು ಉಡಿಸಬೇಕು, ಏನು ತಿನ್ನಿಸಬೇಕು, ಎಲ್ಲ ಬಿಡಿಸಿ ಬರೆಯಿರಿ.

ನನಗೆ ಭಯವಾಗಿದೆ ಅಕ್ಕ. ನಗಬೇಡಿ. ಭೀಮೇಶ ಆ ಗರುಡದ ವಿಡಿಯೋ ತೋರಿಸಿದ. ನಾಲ್ಕು ಮಹಡಿ ಎತ್ತರಕ್ಕೆ ಏರಿಸಿ ಒಂದೇ ಏಟಿಗೆ ಕೆಳಕ್ಕೆ ಬಿಡುತ್ತದೆ.

ನಿಮ್ಮ ಉತ್ತರಕ್ಕೆ ಬಾಗಿಲಲ್ಲೇ ಕಾಯುವ,
ಸುಧಾಮಣಿ


ಜಯನಗರ ೭ನೇ ಬ್ಲಾಕ್
೬ ಏಪ್ರಿಲ್ ೨೦೨೫, ಭಾನುವಾರ

ಸುಧಾಮಣಿ,

ನಕ್ಕೆ ಕಣೇ. ನಾನು ನಕ್ಕ ರಭಸಕ್ಕೆ ನಮ್ಮನೆಯವರು ಪೇಪರಿನಿಂದ ತಲೆ ಎತ್ತಿ ನೋಡಿದರು. ಲಿಫ್ಟು ಹತ್ತಲು ಹೆದರಿ ಹೆಡ್ಡಾಫೀಸಿನ ಮೀಟಿಂಗಿಗೆ ಐದು ಮಹಡಿ ಮೆಟ್ಟಿಲೇರಿ ಬಂದು, ಮೀಟಿಂಗಿನಲ್ಲಿ ಏದುಸಿರು ಬಿಡುತ್ತಾ ಕೂತಿದ್ದವಳು ನೀನೇ ಅಲ್ಲವೇ!

ಸರಿ, ಕೇಳಿಸಿಕೋ. ಭಾನುವಾರ ಅನ್ನುವುದನ್ನು ಮೊದಲು ಮರೆತುಬಿಡು. ಅರ್ಧ ಬೆಂಗಳೂರು ಅಲ್ಲೇ ಬಂದು ನಿಂತಿರುತ್ತದೆ. ಭೀಮೇಶನಿಗೆ ರಜೆ ಹಾಕಲು ಹೇಳು, ವಾರದ ಮಧ್ಯೆ ಹೋಗಿ. ಏಳಕ್ಕೆಲ್ಲ ಮನೆ ಬಿಡಬೇಕು. ದಾರಿಯಲ್ಲಿ ತಿಂಡಿಗೆ ನಿಲ್ಲಿಸೋಣ ಅಂತ ನಿನ್ನ ಮಗ ಅಂದರೆ ಒಪ್ಪಬೇಡ, ಮನೆಯಲ್ಲೇ ಎರಡೆರಡು ಇಡ್ಲಿ ಸಾಕು. ಹೊಟ್ಟೆ ಬಿರಿಯುವ ಹಾಗೆ ಮಸಾಲೆ ದೋಸೆ ತಿಂದು ಮೇಲೆ ಹೋದವರು ಕೆಳಗಿಳಿಯುವ ಹೊತ್ತಿಗೆ ಏನಾಗುತ್ತಾರೆ ಅನ್ನುವುದನ್ನು ನಾನು ನನ್ನ ಮಗ ಶ್ರೀಕರನ ಷರ್ಟಿನ ಮೇಲೆ ಕಣ್ಣಾರೆ ನೋಡಿದ್ದೇನೆ. ಒಣ ಆಟಗಳು ಮೊದಲು, ನೀರಿನ ಆಟ ಊಟವಾದ ಮೇಲೆ. ನೀರಿಗೆ ಕಾಟನ್ ಬಟ್ಟೆ ಬಿಡುವುದಿಲ್ಲ, ನೈಲಾನ್ ಬೇಕು, ಅಲ್ಲೇ ಕೊಂಡರೆ ಚರ್ಮ ಸುಲಿಯುತ್ತಾರೆ. ಫೋರ್ತ್ ಬ್ಲಾಕಿನ ಫುಟ್‌ಪಾತಿನಲ್ಲಿ ಸಿಗುತ್ತದೆ. ಇನ್ನೊಂದು, ಒಳಗೆ ಹೋದ ತಕ್ಷಣ ಎಲ್ಲರ ಫೋನನ್ನೂ ಲಾಕರಿನಲ್ಲಿಟ್ಟುಬಿಡಿ. ಕೈಯಲ್ಲಿದ್ದರೆ ಗಂಡಸರು ಇಡೀ ದಿನ ಫೋಟೋ ತೆಗೆಯುತ್ತಾ ಮಕ್ಕಳನ್ನೇ ನೋಡುವುದಿಲ್ಲ.

ಈಗ ಮುಖ್ಯ ವಿಷಯ, ಇದು ನಿನಗೆ ಮಾತ್ರ. ಗರುಡದ ಬಾಗಿಲಲ್ಲಿ ಒಂದು ಕಂಬ, ಅದರ ಮೇಲೆ ನಾಲ್ಕೂಕಾಲು ಅಡಿ ಎತ್ತರಕ್ಕೆ ಒಂದು ಕೆಂಪು ಗೆರೆ. ಮಗುವಿನ ತಲೆ ಗೆರೆ ಮುಟ್ಟದಿದ್ದರೆ ವಾಪಸ್ಸು. ನನ್ನ ಮೊಮ್ಮಗಳು ತನ್ಮಯಿಯನ್ನು ಮೊದಲನೇ ಸಲ ಹಾಗೇ ಕಳಿಸಿಬಿಟ್ಟರು. ಅತ್ತು ಅತ್ತು ಊಟ ಮಾಡಲಿಲ್ಲ. ಹೋದ ವರ್ಷ ಹೋದಾಗಲೂ ಎರಡು ಬೆರಳು ಕಡಿಮೆಯೇ ಇದ್ದಳು. ನಾನು ಬಿಡುತ್ತೇನೆಯೇ? ಪೇಪರು ಮಡಿಸಿ ಎರಡೂ ಷೂ ಒಳಗೆ ಹಿಮ್ಮಡಿಯ ಕೆಳಗೆ ಇಟ್ಟೆ. ಕೂದಲನ್ನು ಎತ್ತಿ ನೆತ್ತಿಯ ಮೇಲೆ ಗಂಟು ಹಾಕಿದೆ. ಕಂಬದ ಪಕ್ಕ ನಿಂತಾಗ ರಾಣಿಯ ಹಾಗಿದ್ದಳು, ಬಾಗಿಲು ಕಾಯುವ ಹುಡುಗ ನೋಡಿ "ಹೋಗಮ್ಮ" ಅಂದ. ಅಪ್ಪ ಅಮ್ಮನಿಗೂ ಹೇಳಬಾರದು, ಹೇಳಿದರೆ ಅಜ್ಜಿಯನ್ನ ಪೊಲೀಸರು ಹಿಡ್ಕೊಂಡು ಹೋಗ್ತಾರೆ ಅಂತ ಹೆದರಿಸಿ ಪ್ರಮಾಣ ಮಾಡಿಸಿಕೊಂಡೆ. ಜಾಣೆ, ಇವತ್ತಿನವರೆಗೂ ಉಸಿರು ಬಿಟ್ಟಿಲ್ಲ.

ತಪ್ಪು ಅಂತ ನೀನು ರಾಗ ತೆಗೆಯುತ್ತೀ, ಗೊತ್ತು. ಎರಡು ಗ್ರಾಂ ಜಾಸ್ತಿ ತೂಗಿದ ಲಕೋಟೆಗಳನ್ನು ಪಾಪ ಅಂತ ನಾವಿಬ್ಬರೂ ಬಿಟ್ಟಿಲ್ಲವೇನೇ? ಯಾವ ಆಕಾಶ ಕಳಚಿ ಬಿತ್ತು? ಇದೂ ಅಷ್ಟೇ.

ತನ್ಮಯಿ ಈ ವರ್ಷ ಮಾತ್ರ ಪಾರ್ಕು ಬೇಡವೇ ಬೇಡ ಅಂತಾಳೆ. ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಾಳೆ, ದೀಪ ಹಾಕಿಕೊಂಡೇ ಮಲಗುತ್ತಾಳೆ. ಯಾರದೋ ದೃಷ್ಟಿ ತಾಕಿದೆ. ಬನಶಂಕರಿ ದೇವಸ್ಥಾನದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದೆ.

ಇಷ್ಟು ಬರೆದು ಕೈ ನೋಯಿಸಿಕೊಂಡಿರುವ,
ನಿನ್ನ ಎರಡನೇ ಕೌಂಟರು, ಪಂಕಜಾ


ತಲಘಟ್ಟಪುರ
೧೫ ಏಪ್ರಿಲ್ ೨೦೨೫, ಮಂಗಳವಾರ

ಪಂಕಜಕ್ಕನಿಗೆ,

ನಿನ್ನೆ ಅಂಬೇಡ್ಕರ್ ಜಯಂತಿ. ನಮ್ಮ ಬೀದಿಯ ಚಪ್ಪರದಲ್ಲಿ ಮೈತ್ರಿ ಭಾಷಣ ಮಾಡಿದಳು. ಮೈಕು ಅವಳ ಬಾಯಿಗೆ ಎಟುಕದೆ ಸ್ಟೂಲಿನ ಮೇಲೆ ನಿಲ್ಲಿಸಬೇಕಾಯಿತು. ಮನೆಗೆ ಬಂದವಳೇ ಗೋಡೆಗೆ ಒರಗಿ ನಿಂತು "ಅಜ್ಜಿ, ನನ್ನ ಎತ್ತರ ಅಳೆದು ನೋಡು" ಅಂದಳು. ನೀವು ಹೇಳಿದ ಕೆಂಪು ಗೆರೆಗೆ ಸರಿಯಾಗಿ ಎರಡು ಬೆರಳು ಕಡಿಮೆ. ಮುಖ ಸಣ್ಣ ಮಾಡಿಕೊಂಡಳು. ನಿಮ್ಮ ಉಪಾಯ ಹೇಳಿದೆ. ಕುಣಿದುಬಿಟ್ಟಳು ಅಕ್ಕ. ಆ ಮುಖ ನೋಡಿದ ಮೇಲೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಆದರೂ ಒಂದು ಮಾತು. ಲಕೋಟೆಯ ತೂಕದ ಲೆಕ್ಕ ನಮಗೆ ಗೊತ್ತಿತ್ತು, ಎರಡು ಗ್ರಾಂ ಯಾಕೆ ಬಿಡುತ್ತಿದ್ದೇವೆ ಅನ್ನುವುದೂ ಗೊತ್ತಿತ್ತು. ಈ ಗೆರೆಯನ್ನು ಅಲ್ಲೇ ಯಾಕೆ ಎಳೆದಿದ್ದಾರೆ ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತೇ? ಏನೂ ಆಗುವುದಿಲ್ಲ ಅಲ್ಲವೇ? ತನ್ಮಯಿಗೆ ಮೇಲೆ ಹೋದಾಗ ಏನನ್ನಿಸಿತು ಅಂತ ಒಂದು ಮಾತು ಕೇಳಿ ಬರೆಯಿರಿ. ಒಂದೇ ಸಾಲು ಬರೆದರೂ ಸಾಕು, ನನಗೆ ಸಮಾಧಾನ.

ಭೀಮೇಶನಿಗೆ ರಜೆ ಸಿಗುವ ಹಾಗೆ ಕಾಣುವುದಿಲ್ಲ. ೨೭ರ ಭಾನುವಾರವೇ ಗತಿ.

ನಿಮ್ಮ ಒಂದು ಸಾಲಿಗಾಗಿ,
ಸುಧಾಮಣಿ


[ಅಂಚೆ ಕಾರ್ಡು]
ಜಯನಗರ, ೧೭ ಏಪ್ರಿಲ್ ೨೦೨೫, ಗುರುವಾರ

ಹೆದರುಪುಕ್ಕಲಿಗೆ,

ಏನೂ ಆಗುವುದಿಲ್ಲ. ಇಗೋ ಬರೆದುಕೊಟ್ಟಿದ್ದೇನೆ, ಮೇಲೆ ಅಂಚೆಯ ಸೀಲೂ ಬೀಳುತ್ತದೆ, ಇನ್ನೇನು ಬೇಕು ನಿನಗೆ? ತನ್ಮಯಿಯನ್ನು ಕೇಳುವುದೇನಿದೆ, ನಾನೇ ಕೆಳಗೆ ಬೆಂಚಿನ ಮೇಲೆ ಕೂತು ನೋಡಿದ್ದೇನೆ. ಬಾಯಿ ಅಷ್ಟಗಲ ತೆಗೆದು ಕಿರುಚುತ್ತಾ ಖುಷಿಪಡುತ್ತಿದ್ದಳು. ನಾನು ಕೈ ಬೀಸಿದೆ. ಆ ಉಪಾಯ ಮರೆಯಬೇಡ. ಭಾನುವಾರ ಮಾತ್ರ ಬೇಡ, ಹೇಗಾದರೂ ರಜೆ ಹಾಕಿಸು.

ಪಂಕಜಾ


ತಲಘಟ್ಟಪುರ
೨೨ ಏಪ್ರಿಲ್ ೨೦೨೫, ಮಂಗಳವಾರ

ಪಂಕಜಕ್ಕನಿಗೆ,

ನಿಮ್ಮ ಕಾರ್ಡು ಬಂತು. ಅದನ್ನು ಭೀಮೇಶನಿಗೆ ತೋರಿಸಿ, "ನೋಡು, ಪಂಕಜಕ್ಕ ಎರಡೆರಡು ಸಲ ಬರೆದಿದ್ದಾರೆ" ಅಂತ ಹಟ ಹಿಡಿದೆ. ಆಫೀಸಿನಲ್ಲಿ ಯಾರ ಕಾಲು ಹಿಡಿದನೋ, ಗುರುವಾರಕ್ಕೆ ರಜೆ ಸಿಕ್ಕಿದೆ. ನಾಳಿದ್ದು ೨೪ಕ್ಕೆ ಹೊರಡುತ್ತಿದ್ದೇವೆ. ನೀವು ಹೇಳಿದ ಹಾಗೆ ಏಳು ಗಂಟೆಗೆ, ಎರಡೆರಡು ಇಡ್ಲಿ ತಿಂದು.

ಷೂ ಒಳಗೆ ಇಡಲು ನಮ್ಮ ಮನೆಯಲ್ಲಿ ಪೇಪರು ಇಲ್ಲ, ಎಲ್ಲರೂ ಮೊಬೈಲಿನಲ್ಲೇ ಓದುತ್ತಾರೆ. ಕೊನೆಗೆ ನಿಮ್ಮ ಆ ದೊಡ್ಡ ಕಾಗದವನ್ನೇ ಮಡಿಸಿದೆ. ಒಂದು ಷೂಗೆ ಮೂರು ಹಾಳೆ, ಇನ್ನೊಂದಕ್ಕೆ ಮೂರು. ಸರಿಯಾಗಿ ಕೂತಿತು. ಮೈತ್ರಿ ಅದನ್ನು ಹಾಕಿಕೊಂಡು ಹಾಲಿನಲ್ಲಿ ಓಡಾಡಿದಳು.

ಇವತ್ತು ಬೆಳಿಗ್ಗೆ ಅವಳನ್ನು ಸ್ನಾನ ಮಾಡಿಸುವಾಗ ಅವಳ ತೋಳು ನೋಡಿದೆ. ನನ್ನ ಮುಂಗೈಯಷ್ಟೂ ದಪ್ಪವಿಲ್ಲ. ಆಮೇಲೆ ನಿಮ್ಮ ಕಾರ್ಡನ್ನು ಇನ್ನೊಂದು ಸಲ ಓದಿಕೊಂಡೆ. ಅದನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಹೋಗುತ್ತೇನೆ.

ನಿಮ್ಮ ಮಾತಿನ ಮೇಲೆ ನಂಬಿಕೆ ಇಟ್ಟಿರುವ,
ಸುಧಾಮಣಿ


ಜಯನಗರ
೨೩ ಏಪ್ರಿಲ್ ೨೦೨೫, ಬುಧವಾರ

ಸುಧಾಮಣಿ,

ಮೈತ್ರಿಯನ್ನು ಗರುಡ ಹತ್ತಿಸಬೇಡ. ಷೂ ಒಳಗೆ ಏನನ್ನೂ ಇಡಬೇಡ. ಮೊದಲು ಇಷ್ಟು ಓದಿಕೋ, ಉಳಿದದ್ದು ಆಮೇಲೆ. ಭೀಮೇಶನಿಗೆ ರಜೆ ಸಿಗುವುದಿಲ್ಲವೆಂದು ಬರೆದಿದ್ದೆಯಲ್ಲ, ಅದೇ ನನ್ನ ಪುಣ್ಯ. ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿದೆ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ, ನಾಳೆ ತಪ್ಪಿದರೆ ನಾಡಿದ್ದು ನಿನ್ನ ಕೈಯಲ್ಲಿರುತ್ತದೆ.

ನಿನ್ನೆ ಸಂಜೆ ತನ್ಮಯಿಗೆ ತಲೆ ಬಾಚುತ್ತಿದ್ದೆ. ನಮ್ಮ ಷೂ ಉಪಾಯ ಸುಧಾಮಣಿ ಅಜ್ಜಿಗೂ ಹೇಳಿಕೊಟ್ಟಿದ್ದೀನಿ, ಮೈತ್ರಿನೂ ಗರುಡ ಹತ್ತುತ್ತಾಳೆ ಅಂತ ಹೆಮ್ಮೆಯಿಂದ ಹೇಳಿದೆ. ಮಗು ಜಡೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಎದ್ದು ಅಡುಗೆಮನೆಗೆ ಓಡಿತು. ಅಲ್ಲಿ ನನಗಾಗಿ ಒಂದು ಸ್ಲೇಟು ನೇತುಹಾಕಿದ್ದಾರೆ, ಮನೆಯವರು ನನಗೆ ಹೇಳಬೇಕಾದ್ದನ್ನು ಅದರಲ್ಲಿ ಬರೆಯುತ್ತಾರೆ. ಅದನ್ನು ತಂದು ಬರೆದಳು, "ಮೈತ್ರಿ ಬೀಳ್ತಾಳೆ."

ನಾನು ನಕ್ಕೆ. ನೋಡು, ಆಗಲೂ ನಕ್ಕೆ. ಅವಳು ಅಳಿಸಿ ಮತ್ತೆ ಬರೆದಳು, ಅಳಿಸಿ ಮತ್ತೆ ಬರೆದಳು. ಇಬ್ಬರಿಗೆ ಸೇರಿ ಒಂದೇ ಕಂಬಿಯಂತೆ ತೊಡೆಯ ಮೇಲೆ ಬರುವುದು. ಹೋದ ವರ್ಷ ಶ್ರೀಕರ ಹಿಂದಿನ ಸೀಟಿನಲ್ಲಿದ್ದ, ಇವಳ ಪಕ್ಕದಲ್ಲಿ ಯಾರೋ ದಪ್ಪನೆಯವರು ಕೂತಿದ್ದರು. ಕಂಬಿ ಅವರ ಹೊಟ್ಟೆಗೆ ತಾಗಿ ಅಲ್ಲೇ ನಿಂತಿತು. ಇವಳ ತೊಡೆಗೂ ಕಂಬಿಗೂ ನಡುವೆ ಅಷ್ಟು ಜಾಗ. ಕೆಳಕ್ಕೆ ಬಿಟ್ಟಾಗ ಇವಳು ಸೀಟು ಬಿಟ್ಟು ಎದ್ದಳಂತೆ, ಆಮೇಲೆ ಕಂಬಿಯ ಕೆಳಗೆ ಜಾರತೊಡಗಿದಳಂತೆ. "ಆ ಅಂಕಲ್ ಷರ್ಟ್ ತೋಳು ಹಿಡ್ಕೊಂಡಿದ್ದೆ. ಅಜ್ಜೀ ಅಂತ ಕೂಗಿದೆ. ನೀನು ಕೈ ಬೀಸಿದೆ."

ಸುಧಾಮಣಿ, ನಾನು ಕೈ ಬೀಸಿದೆ ಕಣೇ. ಕಾರ್ಡಿನಲ್ಲಿ ನಿನಗೂ ಅದನ್ನೇ ಬರೆದೆ.

ಒಂದು ವರ್ಷ ಆ ಮಗು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ದೀಪ ಹಾಕಿಕೊಂಡು ಮಲಗಿದೆ. ಯಾಕೆ ಹೇಳಲಿಲ್ಲವೇ ಅಂದರೆ, "ಪೊಲೀಸ್ ನಿನ್ನ ಹಿಡ್ಕೊಂಡು ಹೋಗ್ತಾರೆ ಅಂದಿದ್ಯಲ್ಲ" ಅಂತ ಬರೆದಳು. ನಾನು ದೃಷ್ಟಿ ಅಂತ ನಿಂಬೆಹಣ್ಣಿನ ದೀಪ ಹಚ್ಚಿಕೊಂಡು ಓಡಾಡಿದೆ.

ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ನಿನಗೆ ಫೋನು ಮಾಡಿಸಬೇಕೆಂದರೆ ನನ್ನ ಪರವಾಗಿ ಇನ್ಯಾರೋ ಮಾತಾಡಬೇಕು, ಅವರಿಗೆ ಎಲ್ಲ ಹೇಳಬೇಕು. ಶ್ರೀಕರನ ಮುಖ ನೆನೆಸಿಕೊಂಡರೆ ಧೈರ್ಯವಾಗುವುದಿಲ್ಲ. ಪತ್ರ ಸಾಕು, ನಾಲ್ಕು ದಿನವಿದೆಯಲ್ಲ. ತಲುಪಿದ್ದಕ್ಕೆ ಒಂದು ಸಾಲು ಬರೆ.

ಪಂಕಜಾ


ಜಯನಗರ
೨೪ ಏಪ್ರಿಲ್ ೨೦೨೫, ಗುರುವಾರ, ಬೆಳಿಗ್ಗೆ ಹನ್ನೊಂದೂಕಾಲು

ಸುಧಾಮಣಿ,

ಈಗ ತಾನೆ ಪೋಸ್ಟ್‌ಮ್ಯಾನ್ ನಿನ್ನ ಕಾಗದ ಕೊಟ್ಟು ಹೋದ. ಗುರುವಾರ ಅಂತ ಬರೆದಿದ್ದೀ. ಇವತ್ತೇ ಗುರುವಾರ.

ಈ ಪತ್ರ ನಿನಗೆ ಯಾವಾಗ ಸಿಕ್ಕಿ ಏನು ಪ್ರಯೋಜನ. ಆದರೂ ಬರೆಯುತ್ತಿದ್ದೇನೆ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ. ನಮ್ಮನೆಯವರ ಕೈಗೆ ಫೋನು ಕೊಟ್ಟು, ಭೀಮೇಶನಿಗೆ ಮಾಡಿ, ಗರುಡ ಹತ್ತಿಸಬೇಡ ಅಂತ ಹೇಳಿ ಅಂದೆ. ಯಾಕೆ ಅಂದರು. ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಷೂ, ಪೇಪರು, ತನ್ಮಯಿ, ಎಲ್ಲ. ಅವರು ಕನ್ನಡಕ ಹಾಕಿಕೊಂಡು ನಂಬರು ಒತ್ತಿದರು.

ಹನ್ನೆರಡೂವರೆ. ಹದಿನೇಳು ಸಲ ಮಾಡಿದರು. ರಿಂಗ್ ಆಗುತ್ತಿದೆ, ಯಾರೂ ಎತ್ತುತ್ತಿಲ್ಲ ಅಂತ ಕೈಸನ್ನೆ ಮಾಡುತ್ತಾರೆ. ಹೇಗೆ ಎತ್ತುತ್ತೀರಿ? ಎಲ್ಲರ ಫೋನನ್ನೂ ಲಾಕರಿನಲ್ಲಿಡಿ ಅಂತ ಬರೆದವಳು ನಾನೇ. ಒಣ ಆಟ ಮೊದಲು ಅಂತ ಬರೆದವಳೂ ನಾನೇ, ಊಟಕ್ಕೆ ಮುಂಚೆ ಗರುಡ ಆಗಿಹೋಗಿರುತ್ತದೆ. ಪಾರ್ಕಿನ ಆಫೀಸಿನ ನಂಬರು ಹುಡುಕಿ ಅದಕ್ಕೂ ಮಾಡಿದರು. ಯಾವುದೋ ರೆಕಾರ್ಡು ಮಾತಾಡುತ್ತದಂತೆ, ಒಂದು ಒತ್ತಿ, ಎರಡು ಒತ್ತಿ ಅಂತ.

ಮೂರೂವರೆ. ತನ್ಮಯಿ ಬೇಸಿಗೆ ಶಿಬಿರದಿಂದ ಬಂದಳು. ನನ್ನ ಮುಖ ನೋಡಿ ಅವಳಿಗೆ ಗೊತ್ತಾಗಿಹೋಯಿತು. ಸ್ಲೇಟು ಬೇಕಾಗಲಿಲ್ಲ. ಬಂದು ನನ್ನ ಪಕ್ಕ ಕೂತು ಸೆರಗು ಹಿಡಿದುಕೊಂಡಿದ್ದಾಳೆ.

ಎರಡು ಗ್ರಾಂ ಅಂದೆನಲ್ಲ ಸುಧಾಮಣಿ. ನಿನ್ನ ಮೊಮ್ಮಗಳನ್ನು ಲಕೋಟೆ ಅಂದುಕೊಂಡೆನಾ ನಾನು?

ಆರೂ ಮುಕ್ಕಾಲು. ಭೀಮೇಶ ಎತ್ತಿದ. ನಮ್ಮನೆಯವರ ತುಟಿಯನ್ನೇ ನೋಡುತ್ತಾ ನಿಂತಿದ್ದೆ. ಎರಡೇ ಮಾತು, ಕಟ್ ಆಯಿತು. ಅವರು ಸ್ಲೇಟಿನಲ್ಲಿ ಬರೆದರು, "ಆಸ್ಪತ್ರೇಲಿದ್ದೀವಿ, ಆಮೇಲೆ ಮಾಡ್ತೀನಿ ಅಂದ." ಯಾರಿಗೆ? ಯಾರಿಗೆ ಅಂತ ಕೇಳಲಿಲ್ಲವೇನ್ರೀ?

ಪಂಕಜಾ


ತಲಘಟ್ಟಪುರ
೨೮ ಏಪ್ರಿಲ್ ೨೦೨೫, ಸೋಮವಾರ

ಪಂಕಜಜ್ಜಿಗೆ,

ನಾನು ಮೈತ್ರಿ ಬರೆಯುತ್ತಿದ್ದೇನೆ. ಸುಧಾಮಣಿ ಅಜ್ಜಿ ಹೇಳುತ್ತಾರೆ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ. ಅಜ್ಜಿಯ ಬಲಗೈ ಕಟ್ಟಿಹಾಕಿದ್ದಾರೆ, ಭುಜದ ಕೀಲು ತಪ್ಪಿತ್ತು. ಇನ್ನು ಮುಂದೆ ಅಜ್ಜಿಯ ಮಾತು.

ಪಂಕಜಕ್ಕ, ಬೇರೆಯವರ ಅಕ್ಷರ ನೋಡಿ ಗಾಬರಿ ಬೀಳಬೇಡಿ. ಮಗು ಚೆನ್ನಾಗಿದೆ. ಅವತ್ತು ರಾತ್ರಿನೇ ಭೀಮೇಶ ನಿಮ್ಮೆಜಮಾನ್ರಿಗೆ ಹೇಳಿದ್ದಾನೆ, ಅಮ್ಮ ನೆಲದ ಮೇಲಿನ ನೀರಲ್ಲಿ ಜಾರಿ ಬಿದ್ರು ಅಂತ. ನಾನು ಅವನಿಗೆ ಹೇಳಿದ್ದು ಹಾಗೇ. ನಡೆದಿದ್ದು ನಿಮಗೆ ಹೇಳ್ತೀನಿ.

ಕಂಬದ ಹತ್ರ ಬಿಟ್ರು. ಮೈತ್ರಿ ಒಳಗೆ ಹೋದ್ಲು. ಭೀಮೇಶ ಊಟದ ಟೋಕನ್ ತರೋಕೆ ಹೋಗಿದ್ದ. ನಾನು ಬೇಲಿ ಹಿಡ್ಕೊಂಡು ಆಚೆ ನಿಂತಿದ್ದೆ. ನಿಮ್ಮ ಕಾರ್ಡು ತೆಗೆದು ಓದಿದೆ. ಏನೂ ಆಗಲ್ಲ ಅಂತಿತ್ತು. ಆದ್ರೂ ಕಾಲು ನಿಲ್ಲಲಿಲ್ಲ ಅಕ್ಕ. ನನ್ನನ್ನೂ ಬಿಡಪ್ಪ ಅಂತ ಆ ಹುಡುಗನ್ನ ಬೇಡ್ಕೊಂಡು ಒಳಗೆ ಹೋಗಿ ಅವಳ ಪಕ್ಕ ಕೂತೆ. ಲಿಫ್ಟ್ ಹತ್ತದೋಳು ಗರುಡ ಹತ್ತಿದೆ. ಕಂಬಿ ಬಂದು ನನ್ನ ಹೊಟ್ಟೆ ಮೇಲೆ ನಿಂತ್ಕೊಂತು. ಪಕ್ಕದಲ್ಲಿ ನೋಡಿದ್ರೆ ಅವಳ ಹತ್ರ ಒಂದು ಟಿಫನ್ ಡಬ್ಬಿ ಇಡೋವಷ್ಟು ಜಾಗ. ನಿಲ್ಸಪ್ಪಾ ಅನ್ನೋಷ್ಟರಲ್ಲಿ ಹೊರಟೇಬಿಡ್ತು. ನನ್ನ ಬಲಗೈನ ಅವಳ ಎದೆ ಮೇಲಿಂದ ಹಾಕಿ ಆಚೆ ಕಡೆ ಸೀಟಿನ ಅಂಚು ಹಿಡ್ಕೊಂಡೆ. ಕೂಗಿದೆ, ನಿಲ್ಸಿ ನಿಲ್ಸಿ ಅಂತ. ಅಲ್ಲಿ ಎಲ್ಲರೂ ಕೂಗ್ತಿರ್ತಾರೆ, ಯಾರಿಗೆ ಗೊತ್ತಾಗುತ್ತೆ? ಎರಡನೇ ಸಲ ಕೆಳಗೆ ಬಿಟ್ಟಾಗ ಅವಳ ಭಾರ ಪೂರ್ತಿ ನನ್ನ ತೋಳಿನ ಮೇಲೆ ಬಂತು. ಒಳಗೆ ಏನೋ ಕಳಚಿಕೊಂಡ ಹಾಗಾಯ್ತು. ಆದ್ರೂ ಕೈ ಬಿಡಲಿಲ್ಲ.

ನಿಮ್ಮ ಸ್ಪೀಡ್ ಪೋಸ್ಟು ಶುಕ್ರವಾರ ಬಂತು, ಗುರುವಾರ ಬರೆದ ಕಾಗದ ಶನಿವಾರ ಬಂತು. ಎರಡೂ ನಾನೇ ಎಡಗೈಲಿ ಒಡೆದು ಓದಿದೆ. ನಿಮ್ಮ ತಪ್ಪು ಅಂತ ನಾನು ಅನ್ನಲ್ಲ. ಕಾಗದ ಮಡಿಸಿ ಷೂ ಒಳಗಿಟ್ಟದ್ದು ನನ್ನ ಕೈ. ನನಗೆ ಮೊದಲಿಂದ್ಲೂ ಭಯ ಇತ್ತು. ನನ್ನ ಭಯದ ಮಾತು ಕೇಳೋದು ಬಿಟ್ಟು ನಿಮ್ಮ ಮಾತು ಕೇಳಿದೆ. ಮೂವತ್ತು ವರ್ಷದಿಂದ ಕೇಳ್ಕೊಂಡೇ ಬಂದಿದ್ದೀನಿ.

ಭೀಮೇಶನಿಗೆ ಹೇಳಬೇಡಿ. ಗೊತ್ತಾದ್ರೆ ಅವನು ನಮ್ಮ ಕಾಗದಾನೇ ನಿಲ್ಲಿಸಿಬಿಡ್ತಾನೆ, ಅದೂ ನನಗೆ ಭಯ. ತನ್ಮಯಿ ಹೆಂಗಿದ್ದಾಳೆ?

ಎಡಗೈಲಿ ಸಹಿ ಹಾಕಿದ್ದೀನಿ, ನಗಬೇಡಿ.
ಸುಧಾಮಣಿ

ಅಜ್ಜಿ ಒಳಗೆ ಹೋಗಿ ಮಲಗಿದ್ದಾರೆ. ಇದು ಅಜ್ಜಿ ಹೇಳಿದ್ದಲ್ಲ, ನಾನೇ ಬರೆಯುತ್ತಿದ್ದೇನೆ. ಷೂ ಒಳಗಿದ್ದ ನಿಮ್ಮ ಕಾಗದ ಹರಿದು ಹಾಕು ಅಂದಿದ್ದರು. ನಾನು ಹರಿಯಲಿಲ್ಲ, ಓದಿ ನನ್ನ ಜಾಮೆಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಯಾರಿಗೂ ಹೇಳಬೇಡ ಅಂತ ಅಜ್ಜಿ ನನಗೂ ಹೇಳಿದ್ದಾರೆ. ಅಪ್ಪ ದಿನಾ ಸಂಜೆ ಅಜ್ಜಿಯ ಭುಜಕ್ಕೆ ಶಾಖ ಕೊಡುತ್ತಾ, "ಆ ಪಾರ್ಕ್‌ನೋರು ನೆಲ ಒರೆಸಲ್ಲ" ಅಂತ ಬೈಯುತ್ತಾರೆ. ಆಗ ನನಗೆ ಹೊಟ್ಟೆನೋವು ಬರುತ್ತೆ. ತನ್ಮಯಿಗೂ ಹಾಗೆ ಆಗುತ್ತಾ? ಕೇಳಿ ಬರೆಯಿರಿ.

ಮೈತ್ರಿ


ಜಯನಗರ
೨ ಮೇ ೨೦೨೫, ಶುಕ್ರವಾರ

ಸುಧಾಮಣಿಗೆ, ಮತ್ತು ಜೊತೆಯಲ್ಲಿ ಇದನ್ನು ಓದುವ ಮೈತ್ರಿಗೆ,

ಮಗೂ, ಮೊದಲು ನಿನ್ನ ಪ್ರಶ್ನೆಗೆ ಉತ್ತರ. ತನ್ಮಯಿಯನ್ನು ಕೇಳಿದೆ. ಅವಳಿಗೂ ಹೊಟ್ಟೆನೋವು ಬರುತ್ತಿತ್ತಂತೆ, ಒಂದು ವರ್ಷ ಪೂರ್ತಿ. ಹೇಳಿದ ಮೇಲೆ ಕಡಿಮೆಯಂತೆ, ಪೂರ್ತಿ ಹೋಗಿಲ್ಲವಂತೆ. ಹಾಗಾದರೆ ನೀನೂ ಹೇಳಬೇಕು. ಆದರೆ ನಿನ್ನ ಬಾಯಲ್ಲಿ ಹೇಳಿಸುವುದಿಲ್ಲ, ಅದು ನನ್ನ ಕೆಲಸ.

ಸುಧಾಮಣಿ, ನಿನ್ನೆ ಮೇ ಒಂದರ ರಜೆ, ಎಲ್ಲರೂ ಮನೆಯಲ್ಲಿದ್ದರು. ಮಗ ಸೊಸೆಯನ್ನು ಕೂರಿಸಿಕೊಂಡು ಹೇಳಿದೆ. ಸೊಸೆ ಎದ್ದು ಹೋಗಿ ತನ್ಮಯಿಯನ್ನು ಅಪ್ಪಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡಳು. ಶ್ರೀಕರ ಸ್ಲೇಟು ತೆಗೆದುಕೊಂಡು ಏನೋ ಬರೆದ, ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ. ಕೊನೆಗೆ ಖಾಲಿ ಸ್ಲೇಟನ್ನೇ ನನ್ನ ಕೈಗೆ ಕೊಟ್ಟು ಹೊರಗೆ ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಭೀಮೇಶನಿಗೆ ಹೇಳಬೇಡಿ ಅಂದಿದ್ದೀ. ಮೂವತ್ತು ವರ್ಷ ನೀನು ನನ್ನ ಮಾತು ಕೇಳಿದ್ದು ಸಾಕು, ಆದರೆ ಇದೊಂದರಲ್ಲಿ ನಿನ್ನ ಮಾತು ನಾನೂ ಕೇಳುವುದಿಲ್ಲ. ಹೇಳಬೇಡ, ಹೇಳಬೇಡ ಅಂತಲೇ ಇಬ್ಬರು ಮಕ್ಕಳ ಹೊಟ್ಟೆಗೆ ಕಲ್ಲು ಕಟ್ಟಿದ್ದೇವೆ. ಭಾನುವಾರ ಬೆಳಿಗ್ಗೆ ನಾನು ನಿಮ್ಮ ಮನೆಗೆ ಬರುತ್ತಿದ್ದೇನೆ. ಮೈತ್ರಿ, ಜಾಮೆಟ್ರಿ ಬಾಕ್ಸಿನಲ್ಲಿರುವ ಆರೂ ಹಾಳೆ ತೆಗೆದಿಡು ಪುಟ್ಟಿ, ನಿಮ್ಮಪ್ಪನ ಕೈಗೆ ಅದನ್ನು ನಾನೇ ಕೊಡಬೇಕು. ಅವನು ಕೂಗಾಡಿದರೆ ನನಗೆ ಕೇಳಿಸುವುದಿಲ್ಲ, ಆ ಅನುಕೂಲ ನನಗೆ ಬೇಡ. ಸ್ಲೇಟು ತರುತ್ತೇನೆ, ಬೈಯುವುದನ್ನೆಲ್ಲ ಬರೆದುಕೊಡಲಿ. ಇನ್ನು ಕಾಗದ ಬರೆಯಕೂಡದು ಅಂತ ಬರೆದರೂ ಓದಿಕೊಂಡು ಬರುತ್ತೇನೆ. ಅದಕ್ಕೇ ಭಯ ಸುಧಾಮಣಿ. ನಿನ್ನನ್ನು ಹೆದರುಪುಕ್ಕಲಿ ಅಂತ ಕರೆದ ಕೈ ಇದು.

ತನ್ಮಯಿಯೂ ಬರುತ್ತಾಳಂತೆ. ನಾನು ಕರೆಯಲಿಲ್ಲ, ಕರೆಯುವ ಧೈರ್ಯ ನನಗಿರಲಿಲ್ಲ. ಮೈತ್ರಿಯನ್ನು ನೋಡಬೇಕು ಅಂತ ಅವಳೇ ಅಮ್ಮನ ಹತ್ತಿರ ಹಟ ಹಿಡಿದಳು. ತಾತ ಜೊತೆಗಿದ್ದರೆ ಮಾತ್ರ ಅಂತ ಒಪ್ಪಿದ್ದಾರೆ. ಆ ಎತ್ತರದ ಕಂಬಗಳ ಮೇಲೆ ಹೋಗುವ ಮೆಟ್ರೋವನ್ನು ಅವಳು ಹತ್ತಿ ಒಂದು ವರ್ಷವಾಯಿತು. ಸ್ಲೇಟಿನಲ್ಲಿ ಬರೆದಳು, "ಸುಧಾಮಣಿ ಅಜ್ಜಿ ಥರ ಕೈ ಅಡ್ಡ ಇಟ್ಕೊಂಡು ಕೂತ್ಕೋತೀಯಾ?"

ಹೂಂ ಅಂದೆ. ಜಯನಗರದಿಂದ ತಲಘಟ್ಟಪುರದವರೆಗೂ ಇಟ್ಟುಕೊಂಡೇ ಬರುತ್ತೇನೆ. ಅವಳು ಕೂಗಿದರೂ ನನಗೆ ಕೇಳಿಸುವುದಿಲ್ಲವಲ್ಲ, ಅದಕ್ಕೆ ಈ ಸಲ ಕಿಟಕಿಯ ಕಡೆ ನೋಡದೆ ಅವಳ ಮುಖವನ್ನೇ ನೋಡುತ್ತಾ ಕೂರುತ್ತೇನೆ.

ಬಾಗಿಲು ತೆಗೆದರೆ ಒಳಗೆ ಬರುವ,
ಪಂಕಜಾ